ರೊಕ್ಸಾನಾ ಎಂಬ ಹೆಸರಿನ ವಿರುದ್ಧ

ಮಾರ್ಚ್ ೩
ಅಂಗಡಿ ತೆರೆದೆ. ಕನ್ನಡಕದ ಫ್ರೇಮುಗಳ ಕಪಾಟು ಒರೆಸಿದೆ. ಕಣ್ಣು ಪರೀಕ್ಷಿಸುವ ಅಕ್ಷರಫಲಕದ ದೀಪ ಮತ್ತೆ ಮಿಣುಕುತ್ತಿದೆ — ಟ್ಯೂಬ್ ಬದಲಿಸಬೇಕು.
ಮಗ ಬಂದ. ಹುಟ್ಟಿರುವ ಹೆಣ್ಣುಮಗುವಿಗೆ ತಂಗಿಯ ಹೆಸರನ್ನೇ ಇಡಬೇಕಂತೆ. ರೊಕ್ಸಾನಾ.
“ನೀವು ಒಪ್ಪಿದ್ರೆ ಮಾತ್ರ, ಅಪ್ಪಾ. ಇಲ್ಲಾಂದ್ರೆ ಬೇರೆ ನೋಡ್ತೀವಿ.”
ಮಗಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ಇಪ್ಪತ್ತಾರರ ವಯಸ್ಸು, ಶ್ವಾಸಕೋಶಕ್ಕಿಳಿದ ಜ್ವರ. ಅಂದಿನಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ. ಭಾನುವಾರ ಕಾರಣಸಮೇತ ಉತ್ತರಿಸುತ್ತೇನೆ ಎಂದೆ. ಉತ್ತರ ‘ಬೇಡ’ ಎಂಬುದು ನಿಶ್ಚಿತ. ಕಾರಣಗಳನ್ನು ಹುಡುಕಬೇಕು.

ಮಾರ್ಚ್ ೫, ಸಂಜೆ
ಗ್ರಂಥಾಲಯ. ಕಾಲೇಜಿನ ಚರ್ಚಾಸ್ಪರ್ಧೆಗೆ ಸಿದ್ಧನಾಗುತ್ತಿದ್ದ ಕ್ರಮದಲ್ಲೇ ಕುಳಿತೆ.
ಹೆಸರು ಪರ್ಷಿಯನ್ ಮೂಲದ್ದು. ಬೆಳಕು, ಹೊಳಪು ಎಂಬರ್ಥ. ಅಷ್ಟು ಕೇಳಿಯೇ ಆರಿಸಿದ್ದೆ — ಕನ್ನಡಕ ಮಾರುವವನ ಮಗಳಿಗೆ ತಕ್ಕದ್ದೆಂದು. ಅರ್ಥ ನೋಡಿದೆ. ಚರಿತ್ರೆ ನೋಡಲಿಲ್ಲ.
ಅಲೆಕ್ಸಾಂಡರನ ಪತ್ನಿ: ವಿಧವೆ, ಎಳೆಯ ಮಗನೊಂದಿಗೆ ಸೆರೆ, ಮಗನೊಂದಿಗೇ ಕೊಲೆ. ಅದಕ್ಕೂ ಹಿಂದೆ, ಪಾರಸಿಕ ಅರಮನೆಯ ಒಳಜಗಳದಲ್ಲಿ ಅದೇ ಹೆಸರಿನ ಮತ್ತೊಬ್ಬಳನ್ನು ಕಡಿದರೆಂದು ಹಳೆಯ ಗ್ರೀಕ್ ಬರಹ. ಯುರೋಪಿನ ಸಾಹಿತ್ಯಕ್ಕೆ ವಲಸೆ ಹೋದ ಮೇಲೂ ಸುಖವಿಲ್ಲ — ಒಂದು ನಾಟಕದಲ್ಲಿ ಇರಿತ, ಒಂದು ಕಾದಂಬರಿಯಲ್ಲಿ ವಿಷ. ಈಗ? ಬಸ್ ನಿಲ್ದಾಣದೆದುರಿನ ಬ್ಯೂಟಿ ಪಾರ್ಲರಿಗೆ ಅದೇ ಹೆಸರು. ಆಕಾಶದಲ್ಲೊಂದು ಕ್ಷುದ್ರಗ್ರಹಕ್ಕೂ. ಅದೂ ಬರೀ ಕಲ್ಲು.
ವಾದ ಗಟ್ಟಿಯಾಗಿದೆ.

ಮಾರ್ಚ್ ೭
ಸಿದ್ಧವಾದ ಕನ್ನಡಕಗಳನ್ನು ಡಬ್ಬಿಯ ಮೇಲಿನ ಹೆಸರು ಓದಿ, ಕೂಗಿ ಕೊಡುವುದು ನಮ್ಮ ಪದ್ಧತಿ. ಇಂದು ಒಂದು ಡಬ್ಬಿಯ ಮೇಲೆ ಅದೇ ಹೆಸರು. “ಬೈಫೋಕಲ್ ಯಾರದ್ದು?” ಎಂದೆ.
ಬೆಂಚಿನಿಂದ ಅಜ್ಜಿಯೊಬ್ಬರು ಎದ್ದರು. ಎಂಬತ್ತರ ಆಸುಪಾಸು.
“ಎಲ್ಲರನ್ನೂ ಹೆಸರು ಹಿಡಿದು ಕರೆದ್ರಿ. ನಾನೇನು ಬೈಫೋಕಲ್ಲಾ?”
ಬೆಂಚಿನವರೆಲ್ಲ ನಕ್ಕರು. ನಾನು ಕ್ಷಮೆ ಕೇಳಿದೆ.
“ಹೆಸರು ಚಂದ ಇದೆ ಅಂತಲೇ ಮದುವೆ ಆದ್ರು ನಮ್ಮ ಯಜಮಾನ್ರು. ಆಮೇಲೆ ಸಾಯೋವರೆಗೂ ‘ಏ, ಇವಳೇ’. ಈಗ ಬ್ಯಾಂಕಲ್ಲೋ ಆಸ್ಪತ್ರೇಲೋ ಯಾರಾದ್ರೂ ಕೂಗಿದ್ರೆ ಕೇಳಿಸ್ಕೋಬೇಕು. ಅದಕ್ಕೂ ಕಲ್ಲು ಹಾಕಿದ್ರಲ್ಲ ನೀವು.”
ಮೂಗಿನ ಪ್ಯಾಡ್ ಸರಿಪಡಿಸಿ ಕಳುಹಿಸಿದೆ.

ಮಾರ್ಚ್ ೯, ಭಾನುವಾರ
ಊಟದ ಮೇಜಿನ ಸುತ್ತ ಮಗ, ಸೊಸೆ, ಹೆಂಡತಿ. ಮಗು ಸೊಸೆಯ ಹೆಗಲ ಮೇಲೆ ನಿದ್ರಿಸುತ್ತಿತ್ತು. ಎದ್ದು ನಿಂತೇ ಮಾತನಾಡಿದೆ. ಒಂದೊಂದು ಸಾವನ್ನೂ ಕ್ರಮವಾಗಿ ಮಂಡಿಸಿದೆ. ಕೊನೆಯದಾಗಿ ನಮ್ಮ ಮನೆಯದು.
“ಆಯ್ತು ಅಪ್ಪಾ, ಬಿಡಿ,” ಎಂದು ಮಗ ತಲೆ ತಗ್ಗಿಸಿದ. ಗೆದ್ದಿದ್ದೆ.
ಹೆಂಡತಿ ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.
“ಇಷ್ಟು ಹೊತ್ತು ಸತ್ತ ಕಥೇನೇ ಹೇಳಿದ್ರಿ. ಒಬ್ಬಳಾದ್ರೂ ಹೇಗೆ ಬದುಕಿದ್ಲು ಅಂತ ಹೇಳಲಿಲ್ಲ. ನಮ್ಮವಳ ವಿಷಯದಲ್ಲೂ ಅಷ್ಟೆ. ಇಪ್ಪತ್ತಾರು ವರ್ಷ ಬಿಟ್ಟು, ಆಸ್ಪತ್ರೆಯ ನಾಲ್ಕು ದಿನ ಹಿಡ್ಕೊಂಡು ಕೂತಿದ್ದೀರಿ.”
ಪ್ರತ್ಯುತ್ತರಕ್ಕೆ ಮತ್ತೆ ಎದ್ದೆ. ಕುಳಿತೆ. ತೀರ್ಪನ್ನು ಮಾತ್ರ ಹಿಂದೆಗೆದುಕೊಳ್ಳಲಿಲ್ಲ.

ಮಾರ್ಚ್ ೨೨
ಬರೆಯಲಾಗಿರಲಿಲ್ಲ. ಮಗು ಇನ್ನೂ ‘ಪುಟ್ಟಿ’ಯೇ. ಬೇರೆ ಹೆಸರನ್ನು ಯಾರೂ ಎತ್ತುತ್ತಿಲ್ಲ. ಆ ಹೆಸರನ್ನೂ ಎತ್ತುತ್ತಿಲ್ಲ.
ಹೆಂಡತಿಗೆ ಉತ್ತರ ಬಾಕಿ. ಪ್ರಯತ್ನಿಸುತ್ತೇನೆ.
ಮಗಳು ಹಲ್ಲುಜ್ಜುತ್ತಲೇ ಹಾಡುವಳು. ಕನ್ನಡಿಯ ತುಂಬ ನೊರೆಯ ಚುಕ್ಕೆ. ಬಯ್ಯುತ್ತಿದ್ದೆ. ಎಲ್ಲಿಗಾದರೂ ಹೋಗಲು ಅಪ್ಪಣೆ ಬೇಕಾದಾಗ ಬಾಗಿಲಲ್ಲಿ ನಿಂತು, ನನ್ನದೇ ಧ್ವನಿಯಲ್ಲಿ: “ಮಾನ್ಯ ಅಧ್ಯಕ್ಷರೇ, ಪ್ರತಿಪಕ್ಷಕ್ಕೂ ಎರಡು ನಿಮಿಷ ಕೊಡಬೇಕು.” ನಾನು ಗಡಿಯಾರ ನೋಡುವಷ್ಟರಲ್ಲಿ ಬಾಯಲ್ಲೇ ಗಂಟೆ ಬಾರಿಸಿ, “ಸಮಯ ಮುಗೀತು, ಅಧ್ಯಕ್ಷರು ಒಪ್ಪಿದ್ದಾರೆ” ಎಂದು ಓಟ... ಚಪ್ಪಲಿ ಸರಿಯಾಗಿ ಮೆಟ್ಟದೆ.
ಒಮ್ಮೆಯೂ ಒಪ್ಪಿರಲಿಲ್ಲ. ಒಮ್ಮೆಯೂ ತಡೆದಿರಲಿಲ್ಲ.

ಮಾರ್ಚ್ ೨೪, ಮಧ್ಯಾಹ್ನ, ಅಂಗಡಿಯಲ್ಲೇ
ಆ ಅಜ್ಜಿ ಮತ್ತೆ ಬಂದಿದ್ದರು. ಕನ್ನಡಕದ ಕಡ್ಡಿ ಸಡಿಲ. ತಿರುಪು ಬಿಗಿಸಿದೆ. ಎದುರಿಗೇ ನಿಂತಿದ್ದರು, ಕೈಗೆ ಕೊಟ್ಟರೆ ಮುಗಿಯುತ್ತಿತ್ತು.
“ಬೆಂಚಿನ ಮೇಲೆ ಕೂತಿರಿ. ಕರೀತೀನಿ.”
ಹೋಗಿ ಕುಳಿತರು — ಕೈಚೀಲ ಮಡಿಲಲ್ಲಿ, ಬೆನ್ನು ನೆಟ್ಟಗೆ. ಕನ್ನಡಕವನ್ನು ಡಬ್ಬಿಯಲ್ಲಿಟ್ಟೆ. ಹೆಸರು ಓದಿಕೊಂಡೆ. ಸಭೆಯ ಕೊನೆಯ ಸಾಲಿಗೂ ಮುಟ್ಟುವಂತೆ ಕರೆದೆ.
“ರೊಕ್ಸಾನಾ.”
“ಬಂದೆ, ಬಂದೆ. ಕಣ್ಣು ಮಂದ ಕಣಪ್ಪ, ಕಿವಿ ಅಲ್ಲ.”
ಎದ್ದು, ನಡೆದು, ಹತ್ತಿರ ಬಂದರು. ಆ ಹೆಸರನ್ನು ಕರೆದಿದ್ದೆ, ಉತ್ತರ ಬಂದಿತ್ತು.
ಅವರು ಹೋದ ಮೇಲೆ ಮಗನಿಗೆ ಫೋನ್ ಮಾಡಿದೆ. ಹಿಂದೆ ಮಗುವಿನ ಅಳು, ಮನೆ ಹಾರಿಹೋಗುವಂತೆ. ಒಪ್ಪಿಗೆಗೂ ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಯಾವುದನ್ನೂ ಹೇಳಲಿಲ್ಲ.
“ಫೋನು ಅವಳ ಕಿವಿ ಹತ್ತಿರ ಹಿಡಿ,” ಎಂದೆ.
ಹಿಡಿದ. ಕರೆದೆ. ಅಳು ಒಂದು ಕ್ಷಣ ನಿಂತಿತು.