ಯಾರೂ ಆಕ್ಷೇಪಿಸಲಿಲ್ಲ

ಏಪ್ರಿಲ್ 14

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕೀಲಿಮಣೆಯ ಸಂದಿಯಲ್ಲಿ ಉಣ್ಣೆಯ ಒಂದು ಎಳೆ. ರಾತ್ರಿಯಿಡೀ ಮುಚ್ಚಿಯೇ ಇತ್ತು. ಎಲ್ಲಿಂದ ಬಂತೋ. ಊದಿದೆ, ಹೋಗಲಿಲ್ಲ.

ಮೀಟಿಂಗ್ ದಿನ. ಸಿಗ್ನಲ್ ಸಿಗುವುದು ಶಾಲೆಯ ಸಾಮಾನಿನ ಕೋಣೆಯಲ್ಲಿ ಮಾತ್ರ. ದೊಡ್ಡಪ್ಪ ಬಾಸ್ಸು ಊರ ಕೂಟದ ಹಿರಿಯರು, ಊರಿನ ಪ್ರತಿನಿಧಿ. ಬಿಳಿ ನಿಲುವಂಗಿ ಜಲ್ಲಾಬಾ ತೊಟ್ಟು ಚಹಾದ ಕೆಟಲ್ ಹಿಡಿದು ಬಂದರು. ಲ್ಯಾಪ್‌ಟಾಪಿನ ಪಕ್ಕ ಲೋಟವೊಂದನ್ನು ಹೆಚ್ಚಿಗೆ ಇಟ್ಟರು.

"ಇದ್ಯಾರಿಗೆ ದೊಡ್ಡಪ್ಪ?"

"ಬಂದೋರಿಗೆ."

"ಅವರು ರಬಾತ್‌ನಲ್ಲಿ ಇದಾರೆ."

"ಎಲ್ಲಾದ್ರೂ ಇರ್ಲಿ. ನಮ್ಮೂರಿಗೆ ಮುಖ ತೋರಿಸಿದ್ಮೇಲೆ ಅತಿಥಿಗಳೇ. ನೀನು ಅವರ ಮಾತು ಹೇಳು, ನನಗೆ ನಡತೆ ಹೇಳಬೇಡ."

ಅರಣ್ಯ ಇಲಾಖೆ, ಎರಡು ವಿಶ್ವವಿದ್ಯಾಲಯ, ಹೊರದೇಶದ ಒಂದು ಸಂಸ್ಥೆ, ಮೂರು ಊರು — ಎಲ್ಲರೂ ಸೇರಿ ಆನ್‌ಲೈನಿನಲ್ಲಿ ಒಂದೇ ನಕ್ಷೆ ಬರೆಯುತ್ತಿದ್ದಾರೆ. ಈ ಬೆಟ್ಟದಿಂದ ಆ ಬೆಟ್ಟದವರೆಗೆ ಕಾಡುಕುರಿಗಳಿಗೆ ಎಲ್ಲೆಲ್ಲಿ ಜಾಗ ಬಿಡಬೇಕೆಂದು. ನಡೆಸುವವಳು ರಾಜಧಾನಿ ರಬಾತ್‌ನ ವಿದಾದ್. ನಾನು ಅವರ ಸಂಬಳದ ದುಭಾಷಿ; ಪರದೆಯಲ್ಲಿ 'ಇತ್ತೊ, ದುಭಾಷಿ'. ಅವರ ಫ್ರೆಂಚ್ ಇವರಿಗೆ, ಇವರ ಬೆಟ್ಟದ ನುಡಿ ತಮಾಝಿಘ್ತ್ ಅವರಿಗೆ. ಪದವಿಗೆ ಓದಿದ ಫ್ರೆಂಚ್ ಕವಿತೆಗಳಲ್ಲಿ 'ಬಫರ್ ವಲಯ' ಎಲ್ಲೂ ಇರಲಿಲ್ಲ.

ಮಾತು ತುಂಡುತುಂಡಾಗಿ ಕೇಳಿಸುತ್ತಿತ್ತು. "ಎಲ್ರೂ ಕ್ಯಾಮೆರಾ ಆಫ್ ಮಾಡಿ" ಅಂದಳು ವಿದಾದ್. ಮಾಡಿದೆ. ಆಮೇಲೆ ಬಂತು ಇಫರ್ದ್, ನಮ್ಮ ಮೇಲಿನ ಹುಲ್ಲುಗಾವಲು. ಅದನ್ನು ವರ್ಷಪೂರ್ತಿ ಮುಚ್ಚಬಹುದೇ? ದೊಡ್ಡಪ್ಪನಿಗೆ ಹೇಳಿದೆ. ಅವರು ತಮ್ಮ ಲೋಟ ಬೋರಲು ಹಾಕಿದರು. ತುಟಿ ಬಿಚ್ಚಲಿಲ್ಲ.

ನನ್ನ ಬೆರಳು ಮ್ಯೂಟ್ ಗುಂಡಿಯ ಮೇಲೆ. ಪರದೆಯ ತುಂಬ ಹೆಸರುಗಳು. ಒತ್ತಲಿಲ್ಲ.

"ಆಕ್ಷೇಪಣೆ ಇಲ್ಲ. ಥ್ಯಾಂಕ್ಸ್. ಮುಂದಕ್ಕೆ" ಅಂದಳು ವಿದಾದ್.

ನಕ್ಷೆಯಲ್ಲಿ ಇಫರ್ದ್ ಕೆಂಪಾಯಿತು.

ಏಪ್ರಿಲ್ 15

ದೊಡ್ಡಪ್ಪ ಸಂತೋಷವಾಗಿದ್ದಾರೆ. ಆಗುವುದಿಲ್ಲ ಎಂದು ಮರ್ಯಾದೆಯಿಂದ ತಿಳಿಸಿಬಿಟ್ಟೆ ಎಂದು ಊರಿಗೆಲ್ಲ ಹೇಳಿದ್ದಾರೆ. ನಿಜವೇ. ಅತಿಥಿಯ ಮುಂದೆ ಲೋಟ ಬೋರಲು ಹಾಕಿ ಸುಮ್ಮನಾದರೆ ನಮ್ಮಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಹೇಳಲೇಬೇಕಾಯಿತು. "ಅವರಿಗೆ ಕಾಣಿಸಲಿಲ್ಲ ದೊಡ್ಡಪ್ಪ. ಕ್ಯಾಮೆರಾ ಆಫ್ ಇತ್ತು. ಒಪ್ಪಿಗೆ ಅಂತ ಬರ್ಕೊಂಡಿದಾರೆ."

"ಕಾಣಿಸದಿದ್ರೆ ಹೋಗ್ಲಿ, ಕೇಳಿಸಲಿಲ್ವಾ? ಅಷ್ಟು ಹೊತ್ತು ಸುಮ್ನೆ ಕೂತಿದ್ದೆನಲ್ಲ!"

ಏಪ್ರಿಲ್ 17

ವಿದಾದ್‌ಗೆ ಫೋನ್ ಮಾಡಿದೆ. ಮೊದಲ ಸಲ, ನಾನಾಗಿಯೇ. ಪೂರ್ತಿ ಕೇಳಿಸಿಕೊಂಡಳು.

"ಇತ್ತೊ, ಲೋಟ ನೋಡಿ ನಕ್ಷೆ ತಿದ್ದೋಕಾಗುತ್ತಾ? ಪ್ರತಿನಿಧಿ ಬಾಯಿಬಿಟ್ಟು ಹೇಳ್ಲಿ. ಮೇ ಆರಕ್ಕೆ ಕೊನೇ ಮೀಟಿಂಗ್, ಅದಾದ್ಮೇಲೆ ಸಹಿ." ಆಮೇಲೆ ದನಿ ತಗ್ಗಿಸಿ — "ಜೂನ್‌ನಿಂದ ನಿನ್ನ ಮೇಜು ಇಲ್ಲಿ ಆಫೀಸಲ್ಲಿ ರೆಡಿ, ಕಿಟಕಿ ಪಕ್ಕ. ದುಭಾಷಿ ಆಗಿದ್ದು ಒಂದು ಕಡೆ ವಾಲಬೇಡ ತಂಗಿ. ಕೆಲಸ ಕೆಡಿಸ್ಕೋತೀಯ."

ಕೆಟ್ಟವಳಲ್ಲ. ಸತ್ತ ಕಾಡುಕುರಿಯ ಫೋಟೋ ನೋಡಿ ಅತ್ತವಳು.

ರಬಾತ್. ಪುಸ್ತಕದಂಗಡಿಗಳು. ಯಾರ ಮಗಳೆಂದು ಯಾರೂ ಕೇಳದ ಬೀದಿಗಳು. ಪದವಿ ಮುಗಿಸಿ ಬಂದಾಗಿನಿಂದ ಇದಕ್ಕೇ ಕಾದಿದ್ದೆ.

ಬಾಯಿಬಿಟ್ಟು ಹೇಳಬೇಕಂತೆ ಎಂದು ಸಂಜೆ ದೊಡ್ಡಪ್ಪನಿಗೆ ತಿಳಿಸಿದೆ. "ಬಂದೋರ ಮುಖಕ್ಕೆ ಇಲ್ಲ ಅನ್ನೋದಾ? ಈ ಗಡ್ಡ ನೆರೆಯೋವರೆಗೂ ಅಂದಿಲ್ಲ, ಈಗ ಪೆಟ್ಟಿಗೆ ಮುಂದೆ ಕೂತು ಅನ್ಲಾ?" ಎದ್ದು ಹೋದರು.

ಏಪ್ರಿಲ್ 26

ನೀರಿನ ಒರತೆಯ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತದೆ. ಇವತ್ತು ಹಡ್ಡ ಅತ್ತೆ ಕೇಳಿಯೇಬಿಟ್ಟಳು: "ನಿನ್ನ ಪೆಟ್ಟಿಗೆ ನಮ್ಮ ಇಫರ್ದನ್ನ ನುಂಗ್ತಂತೆ. ತೇಗಾದ್ರೂ ಬಂತೇನೇ ಅದಕ್ಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ.

ಪ್ರತಿ ವಸಂತದಲ್ಲೂ ಇಫರ್ದನ್ನು ಮುಚ್ಚುವವರು ನಾವೇ. ಹುಲ್ಲು ಬೀಜ ಕಟ್ಟುವವರೆಗೆ ಮೇಕೆಮರಿಯನ್ನೂ ಬಿಡುವುದಿಲ್ಲ. ಕೂಟ ದಿನ ಗೊತ್ತುಮಾಡಿದ ಮೇಲೆ ಡೇರೆ ಹೊತ್ತು ಎಲ್ಲ ಮನೆಯವರೂ ಒಟ್ಟಿಗೆ ಹತ್ತುತ್ತಾರೆ. ಆ ನಿಶ್ಶಬ್ದದ ತಿಂಗಳುಗಳಲ್ಲೇ ಕಾಡುಕುರಿಗಳು ಅಲ್ಲಿಗೆ ಇಳಿದು ಮರಿ ಹಾಕುವುದು. ನಕ್ಷೆಯಲ್ಲಿ ಅವುಗಳ ಚುಕ್ಕಿಗಳಿವೆ. ಏಕೆ ಅಲ್ಲಿಯೇ ಎಂದು ಯಾರೂ ಕೇಳಿಲ್ಲ. ಬೇಸಿಗೆಗೂ ಮುಚ್ಚಿದರೆ ಮಂದೆಗಳು ಎಲ್ಲಿಗೆ ಹೋಗಬೇಕು?

ಅವ್ವ ರೊಟ್ಟಿ ತಟ್ಟುತ್ತ, ತಲೆ ಎತ್ತದೆ: "ನೀನು ರಬಾತ್‌ಗೆ ಹೋಗ್ಬಿಡು. ಕುರಿಯೆಲ್ಲ ಮಾರಿ ನಾವೂ ಬರ್ತೀವಿ. ನಿನ್ನ ಮೇಜಿನ ಕೆಳಗೆ ಮಲಗ್ತೀವಿ."

ಮೇ 3

ನಕ್ಷೆ ತೆರೆದು ಕೂತಿದ್ದೆ. ಯಾರದೋ ಹೆಸರಿನ ಮೌಸ್ ಬಾಣ ಬಂತು, ಇಫರ್ದಿನ ಗಡಿಯನ್ನು ಇನ್ನಷ್ಟು ಕೆಳಗೆಳೆಯಿತು — ನಮ್ಮ ನೀರಿನ ಒರತೆಯವರೆಗೆ. ಹೋಯಿತು. ತಿದ್ದಹೋದರೆ ನನಗೆ ನೋಡುವ ಅನುಮತಿ ಮಾತ್ರ.

ಲ್ಯಾಪ್‌ಟಾಪ್ ಮುಚ್ಚಿದೆ.

ಮೇ 5, ಸಂಜೆ

ವಿದಾದ್‌ಗೆ ಮೆಸೇಜ್: ಊರು ಪ್ರತಿನಿಧಿಯನ್ನು ಬದಲಿಸಬಹುದೇ?

'ಬದಲಿಸಬಹುದು. ನಮ್ಮಲ್ಲಿ ಕೆಲಸಕ್ಕಿರುವವರು ಆಗುವಂತಿಲ್ಲ. ಯಾಕೆ?'

ಉತ್ತರಿಸಲಿಲ್ಲ. ದೊಡ್ಡಪ್ಪನ ಮನೆಗೆ ಹೋದೆ.

"ನಿಮಗೆ ಅವರು ಅತಿಥಿಗಳು. ನನಗಲ್ಲ. ನಾನು ಹೇಳಿದ್ರೆ ಆಗಲ್ವಾ?"

"ಕೂಟ ಇವತ್ತಿನವರೆಗೆ ಹೆಣ್ಣುಮಕ್ಕಳನ್ನ ಮಾತಿಗೆ ಕಳಿಸಿಲ್ಲ."

"ಕೂಟ ಇವತ್ತಿನವರೆಗೆ ಪೆಟ್ಟಿಗೆಗೆ ಚಹಾನೂ ಕೊಟ್ಟಿರಲಿಲ್ಲ."

ನಾನೇನಾ ಅಂದದ್ದು? ದೊಡ್ಡಪ್ಪ ಕೆಮ್ಮುವವರೆಗೆ ನಕ್ಕರು. "ನಾಲ್ಕು ಜನಕ್ಕೆ ಸಲಾಂ ಹೇಳೋಕೆ ಬೆವರ್ತೀಯಲ್ಲೇ. ನಿನಗೆ ದನಿ ಏಳುತ್ತಾ?"

"ಗೊತ್ತಿಲ್ಲ."

"ನಿನ್ನ ಆ ಮೇಜು?"

ಮುಂದಿದ್ದ ಚಹಾದ ಲೋಟ ಬೋರಲು ಹಾಕಿದೆ. ಅವರಿಗೆ ಅರ್ಥವಾಯಿತು. "ಕೂಟಕ್ಕೆ ನಾನು ಹೇಳ್ಕೋತೀನಿ, ಹೋಗು" ಅಂದರು.

ಮೇ 6, ಮೀಟಿಂಗಿಗೆ ಸ್ವಲ್ಪ ಮುಂಚೆ

ವಿದಾದ್‌ಗೆ ಎರಡು ಸಾಲು ಕಳಿಸಿದೆ. ಕೆಲಸ ಬಿಟ್ಟಿದ್ದೇನೆ, ಊರ ಪ್ರತಿನಿಧಿ ಈಗ ನಾನೇ. ಕಿಟಕಿ ಪಕ್ಕದ ಮೇಜು ಬೇರೆಯವರಿಗೆ ಕೊಡಿ.

ಕೂಟ ರಾತ್ರಿಯೇ ಒಪ್ಪಿತಂತೆ. ದೊಡ್ಡಪ್ಪ ಒಳಗೆ ಬರಲಿಲ್ಲ. "ನೀನು ಅವರ ಮುಖಕ್ಕೆ ಹೇಳೋದನ್ನ ನಾನು ನೋಡಲಾರೆ ಮಾರಾಯ್ತಿ" ಎಂದು ಹೊಸ್ತಿಲಾಚೆ ಕೂತಿದ್ದಾರೆ.

ಪರದೆಯಲ್ಲಿ ನನ್ನ ಚೌಕದ ಕೆಳಗೆ 'ಇತ್ತೊ, ದುಭಾಷಿ' ಎಂದಿತ್ತು. ಎರಡನೆಯ ಪದ ಅಳಿಸಿ ಊರಿನ ಹೆಸರು ಬರೆದೆ: ಐತ್ ಉಗ್ರಾ.

ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ವಿದಾದ್ ಬಂದಳು. ಓದಿರಬೇಕು. ಮೊದಲ ವಿಷಯವೇ ಇಫರ್ದ್. ಅವಳು ಕೇಳಿ ಮುಗಿಸುವವರೆಗೆ ಕಾಯುವುದಿಲ್ಲ. ಮ್ಯೂಟ್ ತೆಗೆದು, ಎಲ್ಲರಿಗಿಂತ ಮೊದಲು, 'ಆಕ್ಷೇಪಣೆ ಇದೆ' ಎಂದು —