ಕೊನೆ ನುಂಗುತ್ತಾಳೆ

ಫೆಬ್ರವರಿ 3, ಶನಿವಾರ

ವಾಷಿಂಗ್ ಮೆಷಿನ್ ಮತ್ತೆ ಕೆಟ್ಟಿದೆ. ಬಟ್ಟೆ ಮುಗಿದರೂ ಬೀಪ್ ಅನ್ನುವುದಿಲ್ಲ. ರಿಪೇರಿಯವನಿಗೆ ಹೇಳಬೇಕು.

ಒಂಬತ್ತಕ್ಕೆ ಮಕ್ಕಳ ಬ್ಯಾಂಡ್ ಪ್ರಾಕ್ಟೀಸ್. ಹದಿನೆಂಟು ಮಕ್ಕಳು, ನೋಟ್ಸ್ ಹಾಳೆ ಇಡಲು ಹದಿನಾರು ಸ್ಟ್ಯಾಂಡು. ಕಿತ್ತಾಟ. ದೊಡ್ಡವರ ಜಾಝ್ ಆರ್ಕೆಸ್ಟ್ರಾ ಟಿಕೆಟ್ ಮಾರಿ ಉಳಿಸಿದ್ದರಲ್ಲೇ ಇವರಿಗೆ ಪುಕ್ಕಟೆ ಕ್ಲಾಸು, ಎರವಲು ವಾದ್ಯ. ಹೊಸ ಸ್ಟ್ಯಾಂಡ್ ಕೇಳಿದರೆ ಕಾರ್ಯದರ್ಶಿಯವರ ಮುಖ ಹುಳ್ಳಗಾಗುತ್ತದೆ.

ಮಾರ್ಚ್ 2ರ ಕಾರ್ಯಕ್ರಮಕ್ಕೆ ನಾಲ್ಕೇ ವಾರ. ಎಲ್ಲ ಸರಿಯಿದೆ, ಕೊನೆಯ ಸ್ವರ ಒಂದು ಬಿಟ್ಟು. ನಮ್ಮಲ್ಲಿ ಮೊದಲಿನಿಂದಲೂ ಅದಕ್ಕೆ ಇಷ್ಟೇ ಬೀಟು ಅಂತ ಲೆಕ್ಕವಿಲ್ಲ. ಎಲ್ಲರೂ ನಿಲ್ಲಿಸುತ್ತಾರೆ, ಒಂದೇ ಮಗು ಸ್ವರ ಹಿಡಿದು ಸಣ್ಣ ಮಾಡುತ್ತಾ ಹೋಗುತ್ತದೆ. ಅದು ತಾನಾಗಿ ಆರುವವರೆಗೆ ನಾನು ಕೈ ಎತ್ತಿಯೇ ನಿಲ್ಲಬೇಕು. ಆಮೇಲೆ ಕೈ ಇಳಿಸುವುದು. ಆಮೇಲೆ ಚಪ್ಪಾಳೆ.

ಈ ಸಲ ಅದು ತುತ್ತೂರಿಯ ಪಾಲು. ಟ್ರಂಪೆಟ್ಟಿನ ಹುಡುಗಿಗೆ ಮಕ್ಕಳೇ ಇಟ್ಟ ಹೆಸರು. ವಯಸ್ಸು ಹದಿಮೂರು, ಬಾಯಿ ಮೂವತ್ತರದ್ದು. ಟ್ರಂಪೆಟ್ಟಿನ ಬಾಯಿಗೆ ದನಿ ತಗ್ಗಿಸುವ ಮ್ಯೂಟ್ ತುರುಕಿ ಊದುತ್ತಾಳೆ, ದನಿ ದಾರದಷ್ಟು ಸಣ್ಣ. ಚೆಂದ. ಆದರೆ ಅರ್ಧಕ್ಕೇ ಕೈಕೊಡುತ್ತಾಳೆ. ಟ್ರಂಪೆಟ್ ತುಟಿಯಲ್ಲೇ ಇಟ್ಟುಕೊಂಡು ಊದುವ ನಟನೆ ಬೇರೆ!

"ಯಾಕೆ ನಿಲ್ಸಿದೆ? ನನ್ ಕೈ ಮೇಲೇ ಇತ್ತಲ್ಲ?"

"ನಿಲ್ಸಿಲ್ಲ ಮೇಡಂ. ಊದ್ತಾನೇ ಇದ್ದೆ."

ಉಳಿದ ಮಕ್ಕಳು ನೆಲ ನೋಡಿದರು. ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ: ಕೊನೆ ನುಂಗುತ್ತಾಳೆ.

ಫೆಬ್ರವರಿ 10, ಶನಿವಾರ

ಮತ್ತೆ ಅದೇ. ಮೂರು ಸಲ ಊದಿಸಿದೆ. ಮೂರು ಸಲವೂ "ಊದ್ತಾನೇ ಇದ್ದೆ." ಮುಖಕ್ಕೆ ಮುಖ ಕೊಟ್ಟು ಸುಳ್ಳು! ಮೈಯೆಲ್ಲ ಉರಿದುಹೋಯಿತು. ಆ ಸ್ವರವನ್ನು ಟ್ರಾಂಬೋನ್ ಹುಡುಗನಿಗೆ ಕೊಟ್ಟುಬಿಟ್ಟೆ.

ಅಳಲಿಲ್ಲ. ಮ್ಯೂಟ್ ಒರೆಸಿ ಚೀಲಕ್ಕೆ ಹಾಕಿಕೊಂಡಳು. "ಮುಂದಿನ್ ವಾರ ಬರ್ಬೇಕಾ ಮೇಡಂ?" ನಿನ್ನಿಷ್ಟ ಅಂದೆ.

ಮಧ್ಯಾಹ್ನ ಅವಳ ಅಜ್ಜಿಯ ಫೋನು. "ನೋಡಮ್ಮ, ನನ್ ಮೊಮ್ಮಗಳು ನೂರೆಂಟು ತರ್ಲೆ ಮಾಡ್ತಾಳೆ. ಸುಳ್ಳು ಮಾತ್ರ ಹೇಳಲ್ಲ."

"ರೆಕಾರ್ಡಿಂಗ್ ಇದೆ ಅಜ್ಜಿ. ಕಳಿಸ್ತೀನಿ, ನೀವೇ ಕೇಳಿ."

ಬಾಯಿ ಮುಚ್ಚಿಸಿದೆ ಅಂತ ಸಮಾಧಾನ.

ಫೆಬ್ರವರಿ 12, ಸೋಮವಾರ

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಸೌಂಡ್ ರೂಮಿಗೆ ಹೋದೆ. ಅಜ್ಜಿಗೆ ಕಳಿಸಬೇಕು, ತುತ್ತೂರಿ ನಿಲ್ಲಿಸಿದ ಕಡೆ ಗುರುತು ಹಾಕಿ ಕೊಡು ಅಂದೆ. ಸೌಂಡಿನವನು ರೆಕಾರ್ಡಿಂಗ್ ಹಾಕಿದ. ಬ್ಯಾಂಡ್ ನಿಂತಿತು, ಟ್ರಂಪೆಟ್ ಉಳಿಯಿತು, ಸಣ್ಣಗಾಯಿತು...

"ಇಲ್ಲೇ. ನಿಂತೋಯ್ತು ನೋಡು."

"ಎಲ್ಲಿ ಮೇಡಂ? ಇನ್ನೂ ಇದೆಯಲ್ಲ."

ಸ್ಕ್ರೀನಿನಲ್ಲಿ ಹಸಿರು ಗೆರೆ ನಡುಗುತ್ತಿತ್ತು. ಅವನು ತಲೆ ವಾಲಿಸಿಕೊಂಡು ಕೇಳುತ್ತಿದ್ದ. ನನಗೆ ಫ್ಯಾನಿನ ಸದ್ದು. ಅಷ್ಟೇ. ಬೇರೆ ಏನೂ ಇಲ್ಲ. ಏನೂ!

"ಆ, ಈಗ ನಿಲ್ತು. ಒಂಬತ್ತು ಸೆಕೆಂಡು! ಏನ್ ದಮ್ಮು ಮೇಡಂ ಈ ಹುಡುಗೀಗೆ!"

"ಹೌದು ಹೌದು" ಅಂದೆ. ನಕ್ಕೆ ಕೂಡ. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತೆ.

ಮನೆಗೆ ಬಂದರೆ ನಮ್ಮವರು ವಾಷಿಂಗ್ ಮೆಷಿನ್ ಮುಂದೆ. "ರಿಪೇರಿಯವನು ನಕ್ಕೊಂಡ್ ಹೋದ. ಮೆಷಿನ್‌ಗೆ ಏನೂ ಆಗಿಲ್ವಂತೆ." ಗುಂಡಿ ಒತ್ತಿ ತೋರಿಸಿದರು. "ಕೂಗ್ತಿದೆ ನೋಡು. ಕೇಳಿಸ್ತಾ?"

ಅವರ ಮುಖ ನೋಡಿದೆ. ಹೂಂ ಅಂದೆ.

ಫೆಬ್ರವರಿ 20, ಮಂಗಳವಾರ

ಎಂಟು ದಿನ ಬರೆಯಲಿಲ್ಲ. ಶನಿವಾರ ಜ್ವರ ಅಂತ ಸುಳ್ಳು ಹೇಳಿ ಕ್ಲಾಸ್ ತಪ್ಪಿಸಿಕೊಂಡೆ. ಅಜ್ಜಿಯ ಫೋನ್ ಎರಡು ಸಲ ಬಂತು, ಎತ್ತಲಿಲ್ಲ.

ಇವತ್ತು ಕಿವಿ ಪರೀಕ್ಷೆ. ಗಾಜಿನ ಗೂಡು, ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಮೊದಲು ಕೇಳಿತು. ಆಮೇಲೆ... ಇಪ್ಪತ್ತಾರು ವರ್ಷ ಸ್ಯಾಕ್ಸಫೋನ್ ಊದಿದವಳು ನಾನು. ಸದ್ದು ಬರುವ ಲಯ ಸಿಕ್ಕಿಬಿಟ್ಟಿತು. ಕೇಳಿಸದಿದ್ದರೂ ಮನಸ್ಸಿನಲ್ಲೇ ಎಣಿಸುತ್ತಾ ಒತ್ತುತ್ತಾ ಹೋದೆ. ಒಂದು ಬೀಟೂ ತಪ್ಪಲಿಲ್ಲ.

ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆಗೆದಳು. "ಮೇಡಂ, ನಾನು ಆಗ್ಲೇ ನಿಲ್ಸಿಬಿಟ್ಟೆ. ನೀವ್ ಯಾವ್ದಕ್ಕೆ ಒತ್ತುತಾ ಇದೀರಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಟನೆ ಮಾಡುತ್ತಿದ್ದವಳು ನಾನು!

ಎತ್ತರದ, ಸಣ್ಣ ದನಿಗಳು ಹೋಗಿವೆಯಂತೆ. ಆರ್ಕೆಸ್ಟ್ರಾದಲ್ಲಿ ನನ್ನ ಬೆನ್ನ ಹಿಂದೆಯೇ ನಾಲ್ಕು ಟ್ರಂಪೆಟ್ಟು ಇರುತ್ತಿದ್ದವು ಅಂದಾಗ ಡಾಕ್ಟರ್ ತಲೆಯಾಡಿಸಿದರು. "ಐದಾರು ವರ್ಷದಿಂದ ಹೀಗೇ ಇರ್ಬೇಕು. ನಿಧಾನಕ್ಕೆ ಹೋಗತ್ತೆ, ಹೋಗಿದ್ದು ಗೊತ್ತಾಗಲ್ಲ."

ಐದಾರು ವರ್ಷ. ಮಕ್ಕಳ ಬ್ಯಾಂಡು ನನ್ನ ಕೈಗೆ ಬಂದು ಆರು ವರ್ಷ.

ಅದೇ ದಿನ, ಸಂಜೆ 5

ಆಫೀಸಿನಿಂದ ಹಳೆಯ ರಿಜಿಸ್ಟರುಗಳನ್ನೆಲ್ಲ ತಂದೆ. ಕೆಂಪು ಪೆನ್ನು. ಕೊನೆ ನುಂಗುತ್ತಾನೆ. ಕೊನೆ ನುಂಗುತ್ತಾಳೆ. ಎಲ್ಲ ನನ್ನದೇ ಅಕ್ಷರ, ದುಂಡಗೆ, ಅಂದವಾಗಿ.

ತುತ್ತೂರಿ ಸೇರಿ ಹನ್ನೊಂದು ಮಕ್ಕಳು. ಅವರಲ್ಲಿ ಏಳು ಮಕ್ಕಳು ಹಾಗೆ ಬರೆದ ವರ್ಷವೇ ಬಿಟ್ಟುಹೋಗಿದ್ದಾರೆ. ಓದಿನ ಹೊರೆ ಅಂದುಕೊಂಡಿದ್ದೆ. ದೇವರೇ. ನಾನೇನು ಮಾಡಿದೆ?

ಫೆಬ್ರವರಿ 24, ಶನಿವಾರ

ತುತ್ತೂರಿ ಬಂದಿದ್ದಳು. ಕೊನೆಯ ಸಾಲಿನಲ್ಲಿ, ಚೀಲ ಬಿಚ್ಚದೆ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಹೇಳಿದೆ. "ನೀನು ನಿಲ್ಸಿರ್ಲಿಲ್ಲ. ನನ್ ಕಿವಿಗೆ ಕೇಳಿಸ್ತಿರ್ಲಿಲ್ಲ. ತಪ್ಪು ನಂದು. ಆ ಸ್ವರ ಮತ್ತೆ ನಿಂದೇ."

ಟ್ರಾಂಬೋನ್ ಹುಡುಗ, "ಅಬ್ಬ, ನಾನ್ ಬದುಕಿದೆ" ಅಂದ.

ಅವಳು ನಗಲಿಲ್ಲ. "ಅಜ್ಜಿಗೆ ಹೇಳ್ತೀರಾ?"

"ಇವತ್ತೇ."

"ಮತ್ತೆ ಕೈ ಹೆಂಗೆ ಇಳಿಸ್ತೀರಾ? ಕೇಳಿಸದೆ?"

"ನೀನು ಟ್ರಂಪೆಟ್ ಇಳಿಸ್ದಾಗ."

ಯೋಚಿಸಿದಳು. ಚೀಲದ ಜಿಪ್ ಎಳೆದಳು.

ಮಾರ್ಚ್ 2, ಶನಿವಾರ

ಬ್ಯಾಂಡ್ ನಿಂತಿತು. ಕೈ ಎತ್ತಿದೆ. ದಾರದಂಥ ದನಿ ಬಂತು, ಸಣ್ಣಗಾಯಿತು, ನನ್ನ ಪಾಲಿಗೆ ಮುಗಿಯಿತು. ಟ್ರಂಪೆಟ್ ಇನ್ನೂ ಅವಳ ತುಟಿಯಲ್ಲಿ. ಕಣ್ಣು ನನ್ನ ಮೇಲೆ. ಕೈ ಇಳಿಸಿಬಿಡುವಂತಾಗುತ್ತಿತ್ತು. ನಂಬು, ನಂಬು ಅಂತ ನನಗೆ ನಾನೇ ಹೇಳಿಕೊಂಡೆ. ವೇದಿಕೆಯ ಬದಿಗೆ ಓರೆಯಾಗಿ ನಿಂತಿದ್ದರಿಂದ ಮುಂದಿನ ಸಾಲು ಕಾಣುತ್ತಿತ್ತು, ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಮುಖದಲ್ಲಿ ಸ್ವರ ಇತ್ತು.

ತುತ್ತೂರಿ ಟ್ರಂಪೆಟ್ ಇಳಿಸಿದಳು. ಕೈ ಇಳಿಸಿದೆ. ಚಪ್ಪಾಳೆ... ಅದೇನೋ ಚೆನ್ನಾಗಿಯೇ ಕೇಳಿಸಿತು.

ಕಾರ್ಯದರ್ಶಿ ಓಡಿಬಂದರು. "ಹಿಂದಿನ್ ಸಾಲಲ್ಲಿ ನಮ್ಗೆಲ್ಲ ನಿಂತೇಹೋಯ್ತು ಅನ್ನಿಸ್ತು. ನೀವ್ ಕೈ ಇಳಿಸ್ಲೇ ಇಲ್ಲ! ಎಂಥಾ ಕಿವಿ ರೀ ನಿಮ್ದು! ಮುಂದಿನ್ ವರ್ಷದ ಮಕ್ಕಳ ಆಯ್ಕೆನೂ ನೀವೇ ಮಾಡ್ಬೇಕು."

ಸುಮ್ಮನಿದ್ದರೆ ಆಗುತ್ತಿತ್ತು. ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ನನ್ನನ್ನೇ ನೋಡಿದರು.

"ನನಗೆ ಕೇಳಿಸಲ್ಲ ಸರ್." ಕಾರ್ಯದರ್ಶಿ ನಕ್ಕರು. ಮತ್ತೆ ಹೇಳಿದೆ. ಮತ್ತೆ ನಕ್ಕರು. ಮೂರನೆಯ ಸಲಕ್ಕೆ ನಗು ನಿಂತಿತು.

ಮಾರ್ಚ್ 3, ಭಾನುವಾರ, ಬೆಳಿಗ್ಗೆ 10.30

ಆಯ್ಕೆಗೆ ಬೇರೆಯವರನ್ನು ನೋಡುತ್ತಾರಂತೆ. ಬ್ಯಾಂಡಿನ ವಿಷಯ ಆಮೇಲೆ. ಸರಿ.

ಉಳಿದ ಹತ್ತು ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡು ಫೋನ್ ಹಿಡಿದು ಕೂತಿದ್ದೇನೆ. ಮೊದಲನೆಯವನು ಕ್ಲಾರಿನೆಟ್. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ. ಹೇಳಿದೆ.

"ಊದ್ತಾನೇ ಇದ್ದೆ ಮೇಡಂ, ನಂಗ್ ಗೊತ್ತಿತ್ತು. ಆದ್ರೆ ನೀವ್ ಹೇಳೀ ಹೇಳೀ... ಆಮೇಲಾಮೇಲೆ ನಂಗೂ ನಿಲ್ಸಿಬಿಟ್ನೇನೋ ಅನ್ನಿಸ್ತಿತ್ತು."

ಇದನ್ನು ನಾನು ನೆನೆಸಿರಲೇ ಇಲ್ಲ. ಬಯ್ಯುತ್ತಾನೆ ಅಂದುಕೊಂಡಿದ್ದೆ. ನನ್ನ ಕಿವಿ ಮಾತ್ರ ಹೋಗಿದ್ದಲ್ಲ, ಅವನ ಕಿವಿಯ ಮೇಲೆ ಅವನಿಗಿದ್ದ ನಂಬಿಕೆಯನ್ನೂ ನಾನೇ ತೆಗೆದಿದ್ದೆ. ಅತ್ತುಬಿಟ್ಟೆ. ಅವನೇ ಸಮಾಧಾನ ಮಾಡಿದ.

ಎರಡನೆಯ ಹೆಸರು. ಫ್ಲೂಟ್. ಎರಡೇ ತಿಂಗಳಿಗೆ ಬಿಟ್ಟಳು. ಮಾತಾಡಿದರೂ ಪಿಸುಗುಟ್ಟಿದ ಹಾಗೆ, ತೀರ ಸಣ್ಣ ದನಿ. ರಿಂಗ್ ಆಗುತ್ತಿದೆ. ಕೇಳಿಸದಿದ್ದರೆ? ಫೋನ್ ಕಿವಿಗೆ ಒತ್ತಿ ಹಿಡಿದಿದ್ದೇನೆ. ಎತ್ತಿದಳು. ಏನೋ ಹೇಳುತ್ತಿದ್ದಾಳೆ, ಸಣ್ಣಗೆ. ಪೆನ್ನು ಕೆಳಗಿಟ್ಟು ಕೇಳುತ್ತೇನೆ.