ಅಪ್ಪನ ಮಾತಿಲ್ಲದ ಸೈನಿಕ

ಮಾರ್ಚ್ ೧೪, ಶನಿವಾರ

"ಬೇರೆಯವರ ಧ್ವನಿ ಹಾಕಿಸಿದ್ರೆ ಚೆನ್ನಾಗಿರ್ತಿತ್ತು" ಎಂದು ಅಪ್ಪ ನಟಿಸಿದ ಚಿತ್ರದ ನಿರ್ಮಾಪಕರು ಇವತ್ತು ಮೊದಲ ಪ್ರದರ್ಶನಕ್ಕೆ ಹೋದಾಗ ಥಿಯೇಟರಿನ ಬಾಗಿಲಲ್ಲೂ ಗೊಣಗಿದರು. ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಉಳಿದಿರುವುದು ಪಿಸುಮಾತು ಮಾತ್ರ. ನಾಟಕದಲ್ಲಿ ಕೊನೆಯ ಸಾಲಿಗೂ ಕೇಳುತ್ತಿದ್ದ ಕಂಠ ಅದು. "ನನ್ನ ಮಾತೆಲ್ಲ ತೆಗೆದುಬಿಡಿ, ನಾನು ನೋಡ್ಕೋತೀನಿ" ಎಂದು ಹಟ ಹಿಡಿದಿದ್ದರು.

ಚಿತ್ರದಲ್ಲಿ ಚಿನ್ನದ ಊರು ಹುಡುಕುತ್ತ ಕಾಡಿಗೆ ನುಗ್ಗಿದ ದಂಡಿನವರು ಜ್ವರದಿಂದ, ಹಸಿವಿನಿಂದ ಒಬ್ಬೊಬ್ಬರಾಗಿ ಸಾಯುತ್ತಾರೆ. ಆದರೂ ದಳಪತಿ, "ಇನ್ನೊಂದು ತಿರುವು ದಾಟಿದರೆ ಚಿನ್ನ" ಎನ್ನುತ್ತಲೇ ಇರುತ್ತಾನೆ. ಅಪ್ಪನದು ಮುದಿ ಸೈನಿಕನ ಪಾತ್ರ. ತೆಪ್ಪ ಹತ್ತಲು ಆಜ್ಞೆಯಾದಾಗ ಅವರು ಕವಚ ಕಳಚಿಟ್ಟು, ಸತ್ತ ಗೆಳೆಯನ ಪಕ್ಕದಲ್ಲಿ ಕೂತು, ಅವನ ಮುಖದ ಮೇಲಿನ ನೊಣ ಓಡಿಸತೊಡಗಿದರು. ದಳಪತಿ ಎಷ್ಟು ಕೂಗಿದರೂ ತಲೆಯೆತ್ತಲಿಲ್ಲ. ಅವನ ಕತ್ತಿ ತಮ್ಮ ಮೇಲೆ ಬೀಳುವವರೆಗೂ ಆ ಕೈ ನಿಲ್ಲಲಿಲ್ಲ.

ಥಿಯೇಟರಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಮೊಣಕೈ ಹಿಡಿದು, "ಯಾರ್ರೀ ಆ ಮುದುಕ?" ಎಂದರು.

"ನಮ್ಮಪ್ಪ ಕಣ್ರೀ" ಎಂದೆ. ಜೋರಾಗಿಯೇ ಎಂದೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಹೊರಗೆ ನಿರ್ಮಾಪಕರು ಅಪ್ಪನ ಎರಡೂ ಕೈ ಹಿಡಿದು ನಿಂತಿದ್ದರು.

ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಕಿವಿಗೆ ಬಗ್ಗಿ ಪಿಸುಗುಟ್ಟಿದರು: "ಸಾಯೋದು ಇನ್ನೂ ಸ್ವಲ್ಪ ಚೆನ್ನಾಗಿ ಮಾಡ್ಬಹುದಿತ್ತು ಅಲ್ವೇನೇ?"

ನಗು ಬಂತು, ಕಣ್ಣೂ ತುಂಬಿತು. ಬರೆಯಲು ಕೂತರೆ ಈಗಲೂ ಅದೇ. ಎಂಥ ಅಪ್ಪನ ಮಗಳು ನಾನು ಅಂತ...